ನವೆಂಬರ್ ತಿಂಗಳಲ್ಲಿ ಸರೋವರ ಯಾಕೆ ಕೆರಳುತ್ತದೆ?

ಅಲೆ, ಬಿರುಗಾಳಿ ಎಲ್ಲ ಸಮುದ್ರದಲ್ಲಿ ಮಾತ್ರ, ಸರೋವರದ ನೀರು ಶಾಂತ ಎಂದು ಮಕ್ಕಳು ತಿಳಿದಿರುತ್ತಾರೆ. ಅವರಿಗೆ ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ವಿಷಯ ಹೇಳಬೇಕು. ಅದರ ವಿಸ್ತೀರ್ಣ ಸುಮಾರು 82,000 ಚದರ ಕಿ.ಮೀ. ಇಡೀ ಕೇರಳದ ಎರಡು ಪಟ್ಟಿಗಿಂತ ಹೆಚ್ಚು! ಅತಿ ಆಳವಾದ ಜಾಗ 406 ಮೀಟರ್. 1975ರ ನವೆಂಬರ್ 10ರಂದು ಅಲ್ಲಿ ಎದ್ದ ಬಿರುಗಾಳಿಯಲ್ಲಿ 222 ಮೀಟರ್ ಉದ್ದದ ಎಡ್ಮಂಡ್ ಫಿಟ್ಜೆರಾಲ್ಡ್ ಎಂಬ ಅದಿರು ಹಡಗು ಮುಳುಗಿತು. ಹಡಗಿನಲ್ಲಿದ್ದ 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. 1913ರ ನವೆಂಬರ್‌ನಲ್ಲೂ ಈ ಮಹಾಸರೋವರಗಳ ಬಿರುಗಾಳಿ 250ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು.

ಎರಡೂ ಸಲ ನವೆಂಬರ್ ತಿಂಗಳೇ ಯಾಕೆ? ಉತ್ತರ ನಮ್ಮ ಪಾಠಪುಸ್ತಕದಲ್ಲೇ ಇದೆ.

ಕೆಳಗೆ ಬೆಚ್ಚಗೆ, ಮೇಲೆ ತಣ್ಣಗೆ

ನೀರಿನ ವಿಶಿಷ್ಟೋಷ್ಣ ಮರಳಿನದಕ್ಕಿಂತ ಸುಮಾರು ಐದು ಪಟ್ಟು. ಅದು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಕಾಸರಗೋಡಿನ ಕಡಲಗಾಳಿಯನ್ನು ವಿವರಿಸುವಾಗ ನಾವು ಹೇಳೋದೂ ಇದನ್ನೇ. ಇನ್ನೊಂದು ಕಾರಣವೂ ಇದೆ. ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಅತಿ ಹೆಚ್ಚು. ಹಾಗಾಗಿ ತಣ್ಣಗಾದ ಮೇಲ್ನೀರು ಕೆಳಗಿಳಿದು, ಬೆಚ್ಚಗಿನದು ಮೇಲೆ ಬರುತ್ತಿರುತ್ತದೆ. ಆಳವಾದ ಸರೋವರದಲ್ಲಿ ಇದು ಬಹಳ ಕಾಲ ನಡೆಯುತ್ತದೆ. ಸುತ್ತಲಿನ ನೆಲ ಹೆಪ್ಪುಗಟ್ಟಿದರೂ ಸರೋವರ ಬೇಸಿಗೆಯ ಶಾಖವನ್ನು ಇನ್ನೂ ಬಿಟ್ಟುಕೊಟ್ಟಿರುವುದಿಲ್ಲ.

ಅಷ್ಟರಲ್ಲಿ ಉತ್ತರದಿಂದ ಕೊರೆಯುವ ಗಾಳಿ ಬರುತ್ತದೆ. ನೀರಿಗೆ ತಾಗಿದ ಗಾಳಿ ಕಾದು ಮೇಲೇರುತ್ತದೆ. ಅದರ ಜಾಗಕ್ಕೆ ಮೇಲಿನ ಪದರದ ವೇಗದ ಗಾಳಿ ಇಳಿದು ನೀರಿಗೆ ಬಡಿಯುತ್ತದೆ. ವಸಂತದಲ್ಲಿ ಇದು ಉಲ್ಟಾ: ಕೆಳಗೆ ತಣ್ಣೀರು, ಮೇಲೆ ಬೆಚ್ಚಗಿನ ಗಾಳಿ. ಪದರಗಳು ಬೆರೆಯುವುದಿಲ್ಲ, ನೀರಿನ ಮೇಲೆ ಗಾಳಿಯ ಜೋರೂ ಕಡಿಮೆ. ಇದರ ಜೊತೆಗೆ ಸರೋವರದ ಶಾಖ ಮತ್ತು ತೇವಾಂಶ, ಹಾದುಹೋಗುವ ವಾಯುಭಾರ ಕುಸಿತಗಳಿಗೂ ಬಲ ಕೊಡುತ್ತವೆ.

ದೋಣಿಯವರಿಗೆ ಮೂರು ಕಷ್ಟ

ಮೊದಲನೆಯದು ಅಲೆ. ಸರೋವರದ ಅಲೆಗಳು ಸಾಗರದ ಅಲೆಗಳಷ್ಟು ಉದ್ದ ಅಲ್ಲ, ಒಂದರ ಹಿಂದೊಂದು ಕಡಿದಾಗಿ ಬರುತ್ತವೆ. ಒಂದರಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಮುಂದಿನದು ಬಂದಿರುತ್ತದೆ.

ಎರಡನೆಯದು ಮಂಜುಗಡ್ಡೆ. ಸಮುದ್ರದ ನೀರು ಹೆಪ್ಪುಗಟ್ಟಲು ಸುಮಾರು ಮೈನಸ್ 1.8 ಡಿಗ್ರಿ ಬೇಕು. ಸಿಹಿನೀರಿಗೆ ಸೊನ್ನೆ ಸಾಕು. ಚಿಮ್ಮಿದ ಹನಿಗಳು ದೋಣಿಯ ಕಂಬ, ಕಟಕಟೆಗಳ ಮೇಲೆ ಗಡ್ಡೆಗಟ್ಟುತ್ತವೆ. ಭಾರ ಮೇಲೆ ಕೂತಷ್ಟೂ ಗುರುತ್ವಕೇಂದ್ರ ಮೇಲೇರಿ, ದೋಣಿ ಮಗುಚುವುದು ಸುಲಭವಾಗುತ್ತದೆ.

ಮೂರನೆಯದು ತಣ್ಣೀರು. ಗಾಳಿಗೆ ಹೋಲಿಸಿದರೆ ನೀರು ದೇಹದ ಶಾಖವನ್ನು ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಬಿದ್ದ ಮೊದಲ ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಹತ್ತು ನಿಮಿಷದೊಳಗೆ ಕೈಕಾಲು ಸೋಲುತ್ತವೆ. ಚೆನ್ನಾಗಿ ಈಜುವವರಿಗೂ ಜೀವರಕ್ಷಕ ಜಾಕೆಟ್ ಬೇಕು ಅನ್ನೋದು ಇದಕ್ಕೇ. ಅದನ್ನು ಹತ್ತುವ ಮೊದಲೇ ತೊಡಬೇಕು. ಬಿದ್ದ ಮೇಲೆ ಬೆರಳುಗಳು ಕೇಳುವುದಿಲ್ಲ.

ಅಲ್ಲಿನ ಹವಾಮಾನ ಇಲಾಖೆ ಗಾಳಿ 34 ನಾಟ್, ಅಂದರೆ ಗಂಟೆಗೆ 63 ಕಿ.ಮೀ. ತಲುಪುವ ಸಂಭವವಿದ್ದರೆ ಬಿರುಗಾಳಿ ಎಚ್ಚರಿಕೆ ಕೊಡುತ್ತದೆ. 48 ನಾಟ್ ದಾಟುವಂತಿದ್ದರೆ ಇನ್ನೂ ಮೇಲಿನ ಹಂತದ್ದು. ಸಣ್ಣ ದೋಣಿಗಳಿಗೆ ಇದಕ್ಕೂ ಮೊದಲೇ ಪ್ರತ್ಯೇಕ ಸೂಚನೆ ಹೋಗುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

1. ಒಂದೇ ಅಳತೆಯ ಎರಡು ಡಬ್ಬಿಗಳಲ್ಲಿ ಮರಳು, ನೀರು ತುಂಬಿ ಬಿಸಿಲಲ್ಲಿಡಿ. ಆಮೇಲೆ ನೆರಳಿಗೆ ತಂದು ಹತ್ತು ನಿಮಿಷಕ್ಕೊಮ್ಮೆ ಉಷ್ಣತೆ ಬರೆಸಿ. ಯಾವುದು ಬೇಗ ಆರಿತು?

2. ಪ್ಲಾಸ್ಟಿಕ್ ಸೋಪಿನ ಡಬ್ಬಿಯನ್ನು ನೀರಲ್ಲಿ ತೇಲಿಬಿಟ್ಟು, ನಡುವೆ ಒಂದು ಕಡ್ಡಿ ನಿಲ್ಲಿಸಿ. ಒಂದು ಉಂಡೆ ಜೇಡಿಮಣ್ಣನ್ನು ಮೊದಲು ಕಡ್ಡಿಯ ಬುಡದಲ್ಲಿ, ಆಮೇಲೆ ತುದಿಯಲ್ಲಿ ಅಂಟಿಸಿ, ಎರಡು ಸಲವೂ ಸ್ವಲ್ಪ ಅಲುಗಿಸಿ. ಭಾರ ಅಷ್ಟೇ ಇದ್ದರೂ ಡಬ್ಬಿ ಯಾಕೆ ಮಗುಚಿತು ಎಂದು ಮಕ್ಕಳೇ ಹೇಳಲಿ.