ಕರೆಂಟು ಹೋದಲ್ಲೆಲ್ಲ ನೆಟ್ ಹೋದೀತೇ?

ಚಿಕ್ಕಬಳ್ಳಾಪುರದ ಸುತ್ತ, ಆಚೆ ಗೌರಿಬಿದನೂರು, ಈಚೆ ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಳೆಯ ಮನೆಯೆಂದರೆ ಬಹಳ ಸಲ ಕಲ್ಲಿನ ಮನೆಯೇ. ಗೋಡೆಗೆ ಸೈಜುಗಲ್ಲು, ಸೂರಿಗೆ ಚಪ್ಪಡಿ. ಊರಿನ ಸುತ್ತಲೂ ಗ್ರಾನೈಟ್ ಗುಡ್ಡಗಳೇ ನಿಂತಿರುವಾಗ ಇಟ್ಟಿಗೆ ಸುಡುವ ತಾಪತ್ರಯ ಯಾರಿಗೆ ಬೇಕಿತ್ತು? ಮಳೆಗೆ ಜಗ್ಗದ, ಕಳ್ಳನಿಗೂ ಜಗ್ಗದ ಆ ಗೋಡೆ ಈಗ ವೈಫೈಗೂ ಜಗ್ಗುತ್ತಿಲ್ಲ. ಪಡಸಾಲೆಯಲ್ಲಿ ಫೈಬರ್ ಸಂಪರ್ಕದ ರೂಟರ್ ಇದ್ದರೂ ಎರಡು ಗೋಡೆ ದಾಟಿದ ಹಿತ್ತಿಲ ಕೋಣೆಯಲ್ಲಿ ಫೋನು ಪರದಾಡುತ್ತದೆ. ಇಂಥ ಮನೆಗಳಿಗೆಂದೇ ಇರುವ ಸಾಧನ ಪವರ್‌ಲೈನ್ ಅಡಾಪ್ಟರ್. ಎರಡು ಸಣ್ಣ ಡಬ್ಬಿಗಳು. ಒಂದನ್ನು ರೂಟರ್ ಪಕ್ಕದ ಪ್ಲಗ್ ಪಾಯಿಂಟಿಗೆ ಸಿಕ್ಕಿಸಿ ಕೇಬಲ್‌ನಿಂದ ರೂಟರಿಗೆ ಜೋಡಿಸಬೇಕು, ಇನ್ನೊಂದನ್ನು ಹಿತ್ತಿಲ ಕೋಣೆಯ ಪ್ಲಗ್ಗಿಗೆ ಹಾಕಬೇಕು. ಗೋಡೆಯಲ್ಲಿ ಮೊದಲಿನಿಂದಲೂ ಇರುವ ಕರೆಂಟಿನ ತಂತಿಯೇ ನಡುವಿನ ದಾರಿ. ಈ ಡಬ್ಬಿಗಳ ಬಗ್ಗೆ ಎರಡು ಬಗೆಯ ಮಾತು ಓಡಾಡುತ್ತಿವೆ. ಕರೆಂಟಿನ ತಂತಿಗೆ ಕಂಪ್ಯೂಟರ್ ಜೋಡಿಸಿದರೆ ಸುಟ್ಟು ಕರಕಲಾಗುತ್ತದೆ ಎಂಬುದು ಒಂದು. ಕರೆಂಟು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಇಂಟರ್‌ನೆಟ್ ಬಂದೇ ಬರುತ್ತದೆ ಎಂಬುದು ಇನ್ನೊಂದು. ಒಂದು ಭಯ, ಒಂದು ಆಸೆ. ಆದರೆ ಎರಡೂ ಹುಟ್ಟಿದ್ದು ಒಂದೇ ತಪ್ಪಿನಿಂದ. ಡೇಟಾ ಎಂಬುದು ಕರೆಂಟಿನೊಳಗೆ ಬೆರೆತು ಅದರ ಜೊತೆಯಲ್ಲೇ ಹರಿಯುತ್ತದೆ ಎಂದು ನಾವು ತಿಳಿದಿರುವುದೇ ಆ ತಪ್ಪು.

ವಾಸ್ತವದಲ್ಲಿ ಇವೆರಡೂ ಒಂದೇ ತಂತಿಯಲ್ಲಿದ್ದರೂ ಒಂದಕ್ಕೊಂದು ಸಂಬಂಧವಿಲ್ಲ. ಮನೆಯ ಕರೆಂಟು 230 ವೋಲ್ಟಿನದು, ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅಡಾಪ್ಟರ್ ಕಳಿಸುವ ಸಂಕೇತ ಸಾಮಾನ್ಯವಾಗಿ 2 ಮೆಗಾಹರ್ಟ್ಸ್‌ನಿಂದ 28 ಮೆಗಾಹರ್ಟ್ಸ್‌ವರೆಗಿನದು. ಸೆಕೆಂಡಿಗೆ 20 ಲಕ್ಷದಿಂದ 2.8 ಕೋಟಿ ಸಲ ಏರಿಳಿಯುವಂಥದ್ದು. ಅದರ ಒಟ್ಟು ಬಲ ಒಂದು ವ್ಯಾಟ್ ಕೂಡ ಇಲ್ಲ. ಡಬ್ಬಿಯೊಳಗಿನ ಕೆಪಾಸಿಟರ್ ಮತ್ತು ಪುಟ್ಟ ಟ್ರಾನ್ಸ್‌ಫಾರ್ಮರ್ ಸೇರಿ ನಿಧಾನದ 50 ಹರ್ಟ್ಸನ್ನು ಹೊಸ್ತಿಲಲ್ಲೇ ತಡೆದು, ವೇಗದ ಸಂಕೇತವನ್ನಷ್ಟೇ ಒಳಗೆ ಬಿಡುತ್ತವೆ. ಜರಡಿಯಲ್ಲಿ ರಾಗಿ ಇಳಿದು ಕಲ್ಲು ಮೇಲೆ ಉಳಿಯುವ ಹಾಗೆ. ಹಾಗಾಗಿ ನೆಟ್‌ವರ್ಕ್ ಕೇಬಲ್ಲಿಗೆ 230 ವೋಲ್ಟ್ ತಲುಪುವ ಪ್ರಶ್ನೆ ಸರಿಯಾಗಿ ತಯಾರಾದ ಡಬ್ಬಿಯಲ್ಲಿ ಏಳುವುದಿಲ್ಲ. ಬಿಲ್ಲು ಏರುತ್ತದೆ ಎಂಬ ದೂರಿನ ಲೆಕ್ಕವೂ ಸುಲಭ. ಒಂದೊಂದು ಡಬ್ಬಿ 4 ವ್ಯಾಟ್ ತಿನ್ನುತ್ತದೆ ಎಂದು ಹಿಡಿದರೆ, ಎರಡು ಡಬ್ಬಿ ಹಗಲು ರಾತ್ರಿ ತಿಂಗಳಿಡೀ ಉರಿದರೂ ಆರು ಯೂನಿಟ್ ಆಗುವುದಿಲ್ಲ. ಇನ್ನು ಈ ಡಬ್ಬಿ ಹಾಕಿದರೆ ಬೆಸ್ಕಾಂ ಕಂಬದಿಂದಲೇ ಇಂಟರ್‌ನೆಟ್ ಬಂದುಬಿಡುತ್ತದೆ ಎಂದು ನಂಬಿದವರೂ ಇದ್ದಾರೆ. ಇಲ್ಲ. ಮನೆಯೊಳಗೆ ಈಗಾಗಲೇ ಬಂದಿರುವ ಸಂಪರ್ಕವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಿಸುವುದಷ್ಟೇ ಅದರ ಕೆಲಸ.

ಕಂಬದಿಂದಲೇ ಇಂಟರ್‌ನೆಟ್ ಕೊಡುವ ಪ್ರಯತ್ನ ನಡೆಯದೆ ಇಲ್ಲ. ಅಮೆರಿಕದ ವರ್ಜೀನಿಯಾದ ಮನಾಸಸ್ ಎಂಬ ಊರು 2005ರಲ್ಲಿ ಊರಿಗೆಲ್ಲ ವಿದ್ಯುತ್ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಕೊಟ್ಟು ಹೆಸರು ಮಾಡಿತು. 2010ರಲ್ಲಿ ನಷ್ಟದ ಬಾಬತ್ತೆಂದು ಅದನ್ನು ಕೈಬಿಟ್ಟಿತು. ಹಾಗೆಂದು ತಂತಿಯ ಮೇಲೆ ಸಂಕೇತ ಕಳಿಸುವುದೇ ಹುಸಿ ವಿದ್ಯೆ ಎನ್ನುವಂತಿಲ್ಲ. ದೊಡ್ಡ ವಿದ್ಯುತ್ ಉಪಕೇಂದ್ರದ ಮುಂದೆ ಹಾದುಹೋಗುವಾಗ ತಲೆ ಎತ್ತಿ ನೋಡಿದರೆ, ಒಳಬರುವ ಲೈನಿನಲ್ಲಿ ಡೋಲಿನಷ್ಟು ದಪ್ಪನೆಯ ಸುರುಳಿಯೊಂದು ತೂಗುತ್ತಿರುವುದು ಕಾಣಿಸೀತು. ಅದು ವೇವ್ ಟ್ರ್ಯಾಪ್. ಫೈಬರ್ ಬರುವ ಎಷ್ಟೋ ಮೊದಲಿನಿಂದ ಉಪಕೇಂದ್ರಗಳು ಹೈಟೆನ್ಷನ್ ತಂತಿಯ ಮೇಲೆಯೇ ಪರಸ್ಪರ ಮಾತಾಡುತ್ತ ಬಂದಿವೆ. ದೂರವಾಣಿ ಮಾತು, ರಕ್ಷಣಾ ಸಂಕೇತ ಎಲ್ಲ ಅದೇ ತಂತಿಯಲ್ಲಿ, ಸುಮಾರು 500 ಕಿಲೋಹರ್ಟ್ಸ್ ಒಳಗಿನ ತರಂಗಗಳಲ್ಲಿ ಹೋಗುತ್ತಿದ್ದವು. ಆ ಸುರುಳಿ ಕರೆಂಟನ್ನು ನಿರಾತಂಕವಾಗಿ ಬಿಟ್ಟು ಸಂಕೇತವನ್ನು ಮಾತ್ರ ತಡೆದು ಪಕ್ಕಕ್ಕೆ ತಿರುಗಿಸುತ್ತದೆ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕರೆಂಟು ದಾಟಿದ ಕಡೆ ಸಂಕೇತ ನಿಂತುಬಿಡಬಹುದು.

ಇದನ್ನು ಒಪ್ಪಿಕೊಂಡರೆ ಆಸೆಯ ಕಡೆಯ ತಪ್ಪುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಮೊದಲನೆಯದು ಡಬ್ಬಿಯ ಮೇಲೆ ಅಚ್ಚಾಗಿರುವ ಸಂಖ್ಯೆ. 2001ರಲ್ಲಿ ಬಂದ, ಈ ಡಬ್ಬಿಗಳ ಮಾನದಂಡವಾದ ಹೋಮ್‌ಪ್ಲಗ್‌ನ ಮೊದಲ ತಲೆಮಾರು 14 ಎಂಬಿಪಿಎಸ್ ಎಂದಿತು, 2005ರ ಎರಡನೆಯದು 200 ಎಂದಿತು, ಆಮೇಲೆ 500, 600, 1000, 2000 ಎಂದು ಹರಾಜು ಕೂಗಿದಂತೆ ಏರುತ್ತ ಹೋಯಿತು. ಇವೆಲ್ಲ ತಂತಿ ಪರಿಪೂರ್ಣವಾಗಿದ್ದರೆ ಸಿಗಬಹುದಾದ ಕಚ್ಚಾ ವೇಗ. ಅದರಲ್ಲಿ ದೋಷ ತಿದ್ದುವ ಬಿಟ್‌ಗಳು, ಡಬ್ಬಿಗಳು ತಮ್ಮತಮ್ಮಲ್ಲೇ ನಡೆಸುವ ಮಾತುಕತೆ ಎಲ್ಲವೂ ಸೇರಿರುತ್ತವೆ. ಮೇಲಾಗಿ ಹೋಗುವುದಕ್ಕೂ ಬರುವುದಕ್ಕೂ ಇರುವುದು ಒಂದೇ ಹಾದಿ, ಸರದಿಯ ಮೇಲೆ ಬಳಸಬೇಕು. ಒಳ್ಳೆಯ ವೈರಿಂಗಿನಲ್ಲೂ ಬರೆದಿರುವುದರ ಅರ್ಧ ಕೈಗೆ ಬಂದರೆ ಅದೃಷ್ಟ. ಹಳೆಯ ಮನೆಯಲ್ಲಿ ಹತ್ತನೇ ಒಂದು ಪಾಲಿಗೂ ಇಳಿಯಬಹುದು. 500 ಎಂದು ಬರೆದ ಎಷ್ಟೋ ಡಬ್ಬಿಗಳ ಕೇಬಲ್ ಕಿಂಡಿಯೇ 100 ಎಂಬಿಪಿಎಸ್‌ನದು ಎಂಬುದನ್ನು ಗಮನಿಸಿದರೆ ಆ ಸಂಖ್ಯೆಯ ಯೋಗ್ಯತೆ ಗೊತ್ತಾಗುತ್ತದೆ. ಐದು ನೂರು ಹೊರುವ ಗಾಡಿಗೆ ನೂರರ ಬಾಗಿಲು!

ಎಷ್ಟು ಇಳಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ನಿಮ್ಮ ಮನೆಯ ವೈರಿಂಗ್, ಮತ್ತು ಅದಕ್ಕೆ ನೀವು ನೇತುಹಾಕಿರುವ ಸಾಮಾನು. ಸಂಕೇತದ ದೃಷ್ಟಿಯಲ್ಲಿ ಪ್ರತಿಯೊಂದು ಸ್ವಿಚ್ ಬೋರ್ಡೂ ಒಂದು ಕವಲು. ಬಳಸದೆ ಬಿಟ್ಟ ಪಾಯಿಂಟಿನ ತುದಿಗೆ ಬಡಿದ ಸಂಕೇತ ಬಾವಿಯ ಪ್ರತಿಧ್ವನಿಯಂತೆ ಹಿಂದಿರುಗಿ ಹೊಸ ಸಂಕೇತದ ಮೇಲೆ ಬೀಳುತ್ತದೆ. ತಿರುಚಿ ಟೇಪು ಸುತ್ತಿದ ಹಳೆಯ ಜಾಯಿಂಟುಗಳಲ್ಲಿ ಇನ್ನಷ್ಟು ಸೋರಿಹೋಗುತ್ತದೆ. ಅಗ್ಗದ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಮಿಕ್ಸಿ ಇವೆಲ್ಲ ಇದೇ ತರಂಗಗಳ ನಡುವೆ ಗಲಾಟೆ ಎಬ್ಬಿಸುತ್ತವೆ. ಅದನ್ನು ಸಹಿಸಲೆಂದೇ ಅಡಾಪ್ಟರುಗಳು ತಮ್ಮ ಹಾದಿಯನ್ನು ಸಾವಿರದಷ್ಟು ಸಣ್ಣ ಓಣಿಗಳಾಗಿ ಸೀಳಿಕೊಂಡಿವೆ. ಗಲಾಟೆ ಇರುವ ಓಣಿಗೆ ಕಡಿಮೆ ಹೊರೆ, ಸ್ವಚ್ಛವಾದ ಓಣಿಗೆ ಹೆಚ್ಚು ಹೊರೆ. 50 ಹರ್ಟ್ಸ್‌ನ ಒಂದೊಂದು ಏರಿಳಿತದಲ್ಲಿ ಗದ್ದಲ ಯಾವಾಗ ಹೆಚ್ಚುತ್ತದೆ ಎಂಬುದನ್ನೂ ನೋಡಿಕೊಂಡು ಹೊರೆ ಹಂಚುವಷ್ಟು ಜಾಣತನ ಅವಕ್ಕಿದೆ. ಆದರೂ ಶಿಡ್ಲಘಟ್ಟದಂಥ ಊರಿನಲ್ಲಿ, ಕೆಳಗೆ ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕ, ಮೇಲೆ ವಾಸದ ಮನೆ ಎಂಬಲ್ಲಿ, ಮೋಟಾರು ತಿರುಗುವ ಹಗಲಿನ ವೇಗಕ್ಕೂ ಅದು ನಿಂತ ರಾತ್ರಿಯ ವೇಗಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಪಕ್ಕದ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದೆ ಎಂಬ ಮಾತು ನಿಮ್ಮ ಮನೆಗೆ ಪ್ರಮಾಣವಲ್ಲ.

ಎರಡನೆಯ ಆಸೆ ದೂರದ್ದು. ತೋಟಕ್ಕೆ ಕರೆಂಟು ಹೋಗಿದೆ, ಅಂದ ಮೇಲೆ ತೋಟದ ಪಂಪ್ ಮನೆಗೂ ಕ್ಯಾಮೆರಾ ಹಾಕಬಹುದು ಎಂಬ ಲೆಕ್ಕ. ಇಲ್ಲಿ ಟಿಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಅಡ್ಡ ನಿಲ್ಲುತ್ತದೆ. ಟ್ರಾನ್ಸ್‌ಫಾರ್ಮರ್ 50 ಹರ್ಟ್ಸನ್ನು ದಾಟಿಸಲು ಹುಟ್ಟಿದ್ದು. ಮೆಗಾಹರ್ಟ್ಸ್ ಸಂಕೇತಕ್ಕೆ ಅದು ಗೋಡೆಯಿದ್ದಂತೆ. ನಿರಂತರ ಜ್ಯೋತಿ ಯೋಜನೆ ಜಾರಿಯಾದ ಹಳ್ಳಿಗಳಲ್ಲಂತೂ ಮನೆಗಳ ಫೀಡರ್ ಬೇರೆ, ಪಂಪ್‌ಸೆಟ್ಟಿನ ಫೀಡರ್ ಬೇರೆ. ಊರೊಳಗಿನ ಮನೆಗೂ ಹೊಲದ ಬೋರ್‌ವೆಲ್‌ಗೂ ನಡುವೆ ಸಂಕೇತಕ್ಕೆ ದಾರಿಯೇ ಇಲ್ಲ. ಅದೇ, ಮನೆಯ ಮೀಟರಿನಿಂದಲೇ ತಂತಿ ಎಳೆದು ಹಿತ್ತಿಲಾಚೆ ಕಟ್ಟಿದ ರೇಷ್ಮೆ ಹುಳುಮನೆಯಾದರೆ ಮಾತು ಬೇರೆ. ಹುಳು ಜ್ವರದಲ್ಲಿರುವಾಗ, ಅಂದರೆ ಪೊರೆ ಬಿಡುವಾಗ, ಒಳಗಿನ ಶಾಖ, ತೇವವನ್ನು ಮನೆಯಿಂದಲೇ ನೋಡಬೇಕೆನ್ನುವ ರೈತನಿಗೆ ಆ ತಂತಿ ನೂರು ಮೀಟರಿನೊಳಗಿದ್ದರೆ ಕ್ಯಾಮೆರಾ ಒಂದಕ್ಕೆ ಸಾಕಾಗುವ ವೇಗ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ತಯಾರಕರು ಹೇಳುವ 300 ಮೀಟರನ್ನು ಮಾತ್ರ ನೆಚ್ಚಬೇಡಿ. ಅದು ಕವಲಿಲ್ಲದ ತಂತಿಯ ಲೆಕ್ಕ, ಅದರ ಮೇಲೆ ತಂತಿ ಗೋಡೆ ಹತ್ತಿಳಿದು ಸುತ್ತುವ ದೂರ ಕಣ್ಣಳತೆಗಿಂತ ಬಹಳ ಹೆಚ್ಚು.

ತ್ರೀ ಫೇಸ್ ಮನೆಯಲ್ಲಿ ಇದು ನಡೆಯುವುದೇ ಇಲ್ಲ ಎಂದು ತೀರ್ಪು ಕೊಡುವವರಿದ್ದಾರೆ. ಅರ್ಧ ಸತ್ಯ. ಒಂದು ಡಬ್ಬಿ ಒಂದು ಫೇಸಿನಲ್ಲಿ, ಇನ್ನೊಂದು ಬೇರೆ ಫೇಸಿನಲ್ಲಿದ್ದರೆ ಎರಡಕ್ಕೂ ತಾಮ್ರದ ನೇರ ಜೋಡಣೆ ಇರುವುದಿಲ್ಲ, ನಿಜ. ಆದರೆ ಇಷ್ಟು ವೇಗದ ಸಂಕೇತಕ್ಕೆ ಜೋಡಣೆಯೇ ಬೇಕೆಂದಿಲ್ಲ; ಮೇನ್ ಬೋರ್ಡಿನಲ್ಲಿ, ಪೈಪಿನೊಳಗೆ ತಂತಿಗಳು ಪಕ್ಕಪಕ್ಕದಲ್ಲಿ ಮಲಗಿರುವ ಕಡೆ ಅದು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಸೊರಗಿ ಜಿಗಿಯುತ್ತದೆ, ಅಷ್ಟೆ. ಅದೇ ಜಿಗಿತವೇ ಮತ್ತೊಂದು ನಂಬಿಕೆಯನ್ನೂ ಒಡೆಯುತ್ತದೆ: ಮೀಟರ್ ದಾಟಿ ಸಂಕೇತ ಹೊರಗೆ ಹೋಗುವುದಿಲ್ಲ, ಆದ್ದರಿಂದ ಭದ್ರತೆಯ ಚಿಂತೆ ಬೇಡ ಎಂಬುದು. ಮೀಟರ್ ಇರುವುದು ಯೂನಿಟ್ ಎಣಿಸಲು, ಕಾವಲಿಗಲ್ಲ. ಚಿಂತಾಮಣಿಯ ಪೇಟೆ ಬೀದಿಯ ಹಾಗೆ ಕೆಳಗೆ ಅಂಗಡಿ, ಮೇಲೆ ಮನೆ, ಮೆಟ್ಟಿಲ ಕೆಳಗೆ ಸಾಲಾಗಿ ನಾಲ್ಕು ಮೀಟರುಗಳಿರುವ ಕಟ್ಟಡದಲ್ಲಿ ಒಬ್ಬರ ಸಂಕೇತ ಇನ್ನೊಬ್ಬರ ಪ್ಲಗ್ಗಿನವರೆಗೆ ಬರಬಹುದು. ಎರಡು ಮೀಟರಿನ ನಡುವೆಯೂ ಅಂಗಡಿಯಿಂದ ಮನೆಗೆ ನೆಟ್ ದಾಟಿಸಿಕೊಳ್ಳಲು ಇದು ಕೆಲವೊಮ್ಮೆ ಅನುಕೂಲ. ಪಕ್ಕದವರೂ ಅದೇ ಡಬ್ಬಿ ತಂದರೆ ಅನನುಕೂಲ. ಕಾವಲು ಕಾಯುವುದು 128 ಬಿಟ್ಟಿನ ಗೂಢಲಿಪಿ. ಕಾರ್ಖಾನೆಯಿಂದ ಬರುವಾಗ ಹೋಮ್‌ಪ್ಲಗ್ ಡಬ್ಬಿಗಳಿಗೆ ಸಾಮಾನ್ಯವಾಗಿ ಇರುವುದು ಒಂದೇ ಕೀಲಿ. ಎರಡೂ ಡಬ್ಬಿಗಳ ಜೋಡಣೆ ಗುಂಡಿಯನ್ನು ಒಂದರ ಹಿಂದೊಂದು ಒತ್ತಿದರೆ ಹೊಸ ಕೀಲಿ ಹುಟ್ಟುತ್ತದೆ. ಡಬ್ಬಿ ಸಿಕ್ಕಿಸಿದ ಕೂಡಲೇ ನೆಟ್ ಬಂತೆಂದು ಆ ಗುಂಡಿಯನ್ನು ಒತ್ತದೆ ಬಿಡುವುದೇ ನಿಜವಾದ ಅಪಾಯ.

ತಂತಿಯೊಳಗೆ ಇರುವುದು ತಂತಿಯಲ್ಲೇ ಇರುತ್ತದೆ, ಹೊರಗಿನವರಿಗೆ ತೊಂದರೆಯಿಲ್ಲ ಎಂಬ ನಂಬಿಕೆಯನ್ನು ಪರೀಕ್ಷಿಸಲು ಗೌರಿಬಿದನೂರಿಗಿಂತ ಒಳ್ಳೆಯ ಜಾಗ ನಾಡಿನಲ್ಲಿಲ್ಲ. ಮನೆಯ ತಂತಿಗೆ ಕವಚವಿಲ್ಲ. ಮೆಗಾಹರ್ಟ್ಸ್ ಸಂಕೇತ ಹೊತ್ತಾಗ ಅದು ಆಂಟೆನಾದಂತೆ ಒಂದಿಷ್ಟು ತರಂಗವನ್ನು ಹೊರಗೆ ಚೆಲ್ಲುತ್ತದೆ. ಪಕ್ಕದಲ್ಲಿ ಶಾರ್ಟ್‌ವೇವ್ ರೇಡಿಯೊ ಇಟ್ಟರೆ ಕರಕರ ಕೇಳುತ್ತದೆ. ಹವ್ಯಾಸಿ ರೇಡಿಯೊದವರ ತರಂಗಗಳನ್ನು ಅಡಾಪ್ಟರುಗಳು ಬೇಕೆಂದೇ ಬಿಟ್ಟುಕೊಡುವುದು ಇದೇ ಕಾರಣಕ್ಕೆ. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಜೊತೆಗೂಡಿ ಕಟ್ಟಿದ ಟಿ ಆಕಾರದ ರೇಡಿಯೊ ದೂರದರ್ಶಕ ಕೆಲಸ ಮಾಡಿದ್ದು 34.5 ಮೆಗಾಹರ್ಟ್ಸ್‌ನಲ್ಲಿ. ಪೂರ್ವ–ಪಶ್ಚಿಮವಾಗಿ 1.4 ಕಿಲೋಮೀಟರ್ ಚಾಚಿದ ಅದರ ಸಾವಿರ ಆಂಟೆನಾಗಳು ಹಿಡಿದದ್ದು ನಕ್ಷತ್ರಲೋಕದ ಅತಿ ಕ್ಷೀಣ ಸದ್ದನ್ನು. 1997ರಿಂದ ಅಲ್ಲಿಯ ರೇಡಿಯೊ ಹೀಲಿಯೊಗ್ರಾಫ್ 40ರಿಂದ 150 ಮೆಗಾಹರ್ಟ್ಸ್‌ನಲ್ಲಿ ಸೂರ್ಯನನ್ನು ನೋಡುತ್ತಿದೆ. ಹಳೆಯ ತಲೆಮಾರಿನ ಅಡಾಪ್ಟರ್ 28ರಲ್ಲಿ ನಿಲ್ಲುತ್ತಿತ್ತು. 2012ರ ಹೊಸ ತಲೆಮಾರು 86 ಮೆಗಾಹರ್ಟ್ಸ್‌ವರೆಗೆ ಕೈ ಚಾಚಿದೆ. 30ರ ಮೇಲೆ ಬಲವನ್ನು ತೀರಾ ಇಳಿಸಿದ್ದಾರೆ, ದೂರದ ಊರಿನ ಮನೆಯ ಡಬ್ಬಿಯಿಂದ ಸೂರ್ಯನ ಸದ್ದೇನೂ ಕೇಳಿಸದೆ ಹೋಗುವುದಿಲ್ಲ. ಆದರೂ ಬಲ ಇಳಿಸಬೇಕಾಗಿ ಬಂತು ಎಂಬುದೇ ಸಂಕೇತ ಗೋಡೆಯೊಳಗೆ ಉಳಿಯುವುದಿಲ್ಲ ಎಂಬುದಕ್ಕೆ ತಯಾರಕರು ಕೊಟ್ಟ ಒಪ್ಪಿಗೆ.

ನಮ್ಮಲ್ಲಿ ಕರೆಂಟು ಹೋಯಿತು ಎಂದರೆ ತಲುಪಿತು ಎಂದಲ್ಲ, ನಿಂತಿತು ಎಂದೇ ಅರ್ಥ. ಆಗ ಈ ಡಬ್ಬಿಗಳ ಗತಿಯೇನು? ಎರಡೂ ಡಬ್ಬಿಗಳಿಗೆ ಕರೆಂಟು ಬೇಕು. ಯುಪಿಎಸ್ ಇರುವ ಮನೆಯಲ್ಲಿ ರೂಟರ್ ಯುಪಿಎಸ್ ಲೈನಿನಲ್ಲಿದ್ದು ಹಿತ್ತಿಲ ಕೋಣೆಯ ಡಬ್ಬಿ ನೇರ ಲೈನಿನಲ್ಲಿದ್ದರೆ, ಕರೆಂಟು ತೆಗೆದ ಕ್ಷಣ ಅಲ್ಲಿಯ ನೆಟ್ ಸತ್ತಂತೆಯೇ. ಎರಡೂ ಯುಪಿಎಸ್ ಲೈನಿನ ಪ್ಲಗ್ಗಿನಲ್ಲಿರಬೇಕು. ಆಗಲೂ ಅಗ್ಗದ ಯುಪಿಎಸ್ ಎಬ್ಬಿಸುವ ಗದ್ದಲದಲ್ಲಿ ವೇಗ ಇಳಿಯಬಹುದು. ಸ್ಪೈಕ್ ಗಾರ್ಡಿಗೆ ಸಿಕ್ಕಿಸಿದರೆ ಸುರಕ್ಷಿತ ಎಂದುಕೊಳ್ಳುವುದೂ ತಪ್ಪು. ಗದ್ದಲವನ್ನು ಸೋಸುವ ಅದರ ಸಾಮಗ್ರಿಗೆ ನಿಮ್ಮ ಡೇಟಾ ಕೂಡ ಗದ್ದಲವೇ. ಡಬ್ಬಿ ಗೋಡೆಯ ಪ್ಲಗ್ಗಿನಲ್ಲೇ ಇರಲಿ. ಹೊಸ ಮೂರು ಪಿನ್ನಿನ ಡಬ್ಬಿಗಳು ಫೇಸು, ನ್ಯೂಟ್ರಲ್ ಜೊತೆಗೆ ಅರ್ಥ್ ತಂತಿಯನ್ನೂ ಹಾದಿಯಾಗಿ ಬಳಸುತ್ತವೆ. ಅರ್ಥಿಂಗೇ ಇಲ್ಲದ ಹಳೆಯ ಮನೆಯಲ್ಲಿ ಆ ಲಾಭ ಸಿಗದು. ಅರ್ಥಿಂಗ್ ಮಾಡಿಸುವುದು ನೆಟ್‌ಗಿಂತ ಮೊದಲು ಜೀವಕ್ಕೆ ಬೇಕು ಎಂಬುದು ಬೇರೆ ಮಾತು.

ಇಷ್ಟೆಲ್ಲ ತಕರಾರಿದ್ದರೆ ಇದರ ಬದಲು ಮೆಶ್ ವೈಫೈ ಹಾಕಿದರಾಯಿತಲ್ಲ ಎಂದು ಕೇಳಬಹುದು. ಇಟ್ಟಿಗೆಯ ಮನೆಗೆ ಆ ಮಾತು ಸರಿ, ಅಲ್ಲಿ ನಾನೂ ಮೆಶ್ಶನ್ನೇ ಹೇಳುತ್ತೇನೆ. ಆದರೆ ಮೆಶ್‌ನ ಎರಡು ಡಬ್ಬಿಗಳೂ ಗಾಳಿಯಲ್ಲೇ ಮಾತಾಡಬೇಕು. ಒಂದೂವರೆ ಅಡಿ ಕಲ್ಲಿನ ಗೋಡೆ ಅವಕ್ಕೂ ಅಷ್ಟೇ ದಪ್ಪ, ವೇಗದ 5 ಗಿಗಾಹರ್ಟ್ಸ್ ತರಂಗಕ್ಕಂತೂ ಇನ್ನೂ ಕಷ್ಟ. ಕೊರೆಯಲಾಗದ ಕಲ್ಲುಗೋಡೆ, ಒಂದೇ ಮೀಟರ್, ತಕ್ಕಮಟ್ಟಿಗೆ ಸರಿಯಿರುವ ವೈರಿಂಗ್, ಪಾಠ ಕೇಳಲು ಅಥವಾ ಸಿನಿಮಾ ನೋಡಲು ಬೇಕಾದಷ್ಟು ವೇಗದ ನಿರೀಕ್ಷೆ ಇವಿಷ್ಟಿದ್ದರೆ ಪವರ್‌ಲೈನ್ ಅಡಾಪ್ಟರ್ ತಕ್ಕ ಸಾಧನ. ವಾಪಸ್ ತೆಗೆದುಕೊಳ್ಳುವ ಅಂಗಡಿಯಿಂದ ತನ್ನಿ, ನಿಮ್ಮದೇ ಎರಡು ಪ್ಲಗ್ಗುಗಳ ನಡುವೆ ಹಗಲೊಮ್ಮೆ ರಾತ್ರಿಯೊಮ್ಮೆ ವೇಗ ಅಳೆದು ಆಮೇಲೆ ಇಟ್ಟುಕೊಳ್ಳಿ. ಹೊಸದಾಗಿ ಮನೆ ಕಟ್ಟುತ್ತಿರುವವರಿಗೆ ಮಾತ್ರ ಈ ಡಬ್ಬಿ ಬೇಡವೇ ಬೇಡ. ವೈರಿಂಗಿನವರು ಗೋಡೆ ಕೊರೆಯುವ ದಿನವೇ ಕರೆಂಟಿನ ಪೈಪಿನಿಂದ ಒಂದಿಷ್ಟು ದೂರದಲ್ಲಿ ಕೋಣೆಗೊಂದು ಖಾಲಿ ಪೈಪು ಹೂಳಿಸಿ, ಅದರೊಳಗೆ ಕ್ಯಾಟ್–6 ಕೇಬಲ್ ಎಳೆಸಿಬಿಡಿ.