ಒಂದೇ ಅಚ್ಚಿನ ಇಬ್ಬರು ಮಲ್ಲರು

ಮೊನ್ನೆ ರಾತ್ರಿ ಹನ್ನೊಂದು ಹೊಡೆದ ಮೇಲೆ, ನಾವು ಹಿಂದೆ ನಡೆಸುತ್ತಿದ್ದ ಹೋಟೆಲಿನ ಅಟ್ಟದ ಕೋಣೆಗೆ ಕಾರ್ಯನಿಮಿತ್ತ ಹೋಗಿದ್ದೆವು. ದಿನದ ದುಡಿಮೆ ಮುಗಿಸಿದ ಇಬ್ಬರು ಮಾಣಿಗಳು ಮೊಬೈಲಿನ ಪರದೆಯ ಮೇಲೆ ಮಲ್ಲರ ಕಾಳಗವಾಡಿಸುತ್ತ ಕುಳಿತಿದ್ದವರು, ಆಟವನ್ನು ಬಿಟ್ಟು ತಾವೇ ಜಗಳಕ್ಕೆ ತೊಡಗಿದ್ದರು. ಒಬ್ಬನ ಮಲ್ಲನಿಗೆ ಬಿಳಿಯ ಅಂಗಿ, ಇನ್ನೊಬ್ಬನ ಮಲ್ಲನಿಗೆ ಕೆಂಪು ಅಂಗಿ.

"ಇಬ್ಬರೂ ಒಂದೇ ಅಲ್ವಾ ಅಣ್ಣ? ಅಂಗಿಯ ಬಣ್ಣ ಬದಲಿಸಿ ಒಬ್ಬನನ್ನೇ ಎರಡು ಸಲ ಮಾರಿದ್ದಾರೆ. ಇದು ಮೋಸ ಅಲ್ವಾ?" ಎಂದು ಕಿರಿಯವನು ನಮ್ಮನ್ನೇ ನ್ಯಾಯಕ್ಕೆ ಕರೆದನು.

ಒಂದೇ ಹಿಟ್ಟಿನಿಂದ ದೋಸೆಯನ್ನೂ ಉತ್ತಪ್ಪವನ್ನೂ ಹುಯ್ದು, ಎರಡಕ್ಕೂ ಬೇರೆ ಬೇರೆ ದರ ಬರೆದು ತೂಗುಹಾಕಿದವರು ನಾವು. ಹೀಗಿರಲು ಮೋಸವೆಂಬ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲು ಬರುವುದಿಲ್ಲ. ಮೇಲಾಗಿ, ಹದಿಹರೆಯದಲ್ಲಿ ಸಂಬಳದ ಚಿಲ್ಲರೆಯನ್ನು ವಿಡಿಯೋ ಪಾರ್ಲರಿನಲ್ಲಿ ಇದೇ ಇಬ್ಬರು ಮಲ್ಲರ ಪಾದಕ್ಕೆ ಸುರಿದದ್ದೂ ಉಂಟು.

ಬಿಳಿಯಂಗಿಯವನು ರ್ಯೂ, ಜಪಾನಿನವನು. ಕೆಂಪಂಗಿಯವನು ಕೆನ್, ಹೊಂಗೂದಲಿನ ಅಮೆರಿಕನ್. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯವರು 1987ರಲ್ಲಿ ಹೊರತಂದ ‘ಸ್ಟ್ರೀಟ್ ಫೈಟರ್’ ಎಂಬ ಆಟದಲ್ಲಿ ಇವರ ಜನನ. ಮೊದಲನೆಯ ಆಟಗಾರನ ಪಾಲಿಗೆ ರ್ಯೂ. ಪಕ್ಕದಲ್ಲಿ ನಿಂತು ನಾಣ್ಯ ಹಾಕಿದ ಎರಡನೆಯವನ ಪಾಲಿಗೆ ಕೆನ್. ಆಯ್ಕೆಯ ಮಾತೇ ಇಲ್ಲ. ಅಂಗೈಗಳಿಂದ ಚಿಮ್ಮುವ ‘ಹಡೋಕೆನ್’ ಎಂಬ ಶಕ್ತಿಯ ಚೆಂಡು, ನೆಗೆದು ಗದ್ದಕ್ಕೆ ಗುದ್ದುವ ‘ಶೋರ್ಯುಕೆನ್’, ಗಾಳಿಯಲ್ಲಿ ಗಿರಕಿ ಹೊಡೆಯುವ ಒದೆತ, ಇವೆಲ್ಲ ಇಬ್ಬರಿಗೂ ಸಮಸಮ. ಇಬ್ಬರು ಎದುರುಬದುರಾದಾಗ ಒಬ್ಬನಿಗೆ ಕತ್ತಿಯನ್ನೂ ಮತ್ತೊಬ್ಬನಿಗೆ ಕೋಲನ್ನೂ ಕೊಟ್ಟರೆ ಸೋತವನು ಕೋಲನ್ನು ದೂರುತ್ತಾನೆ. ಇಲ್ಲಿ ದೂರಲು ತನ್ನ ಕೈಯೊಂದೇ ಉಳಿಯುತ್ತಿತ್ತು.

1991ರಲ್ಲಿ ಬಂದ ಎರಡನೆಯ ಆಟವು ಲೋಕಪ್ರಸಿದ್ಧವಾಯಿತು. ಅದರಲ್ಲಿ ಆರಿಸಿಕೊಳ್ಳಲು ಎಂಟು ಮಂದಿ. ಅವರಲ್ಲೊಬ್ಬನು ನಮ್ಮ ದೇಶದವನು, ಧಾಲ್ಸಿಮ್ ಎಂಬ ಯೋಗಿ. ಕೈಕಾಲುಗಳನ್ನು ಹಗ್ಗದಂತೆ ಚಾಚುತ್ತಾನೆ, ಬಾಯಿಂದ ಬೆಂಕಿಯುಗುಳುತ್ತಾನೆ. (ಯೋಗದ ಫಲ ಇದೆಂದು ಆ ಮಹಾಶಯರಿಗೆ ಯಾರು ಹೇಳಿದರೋ ತಿಳಿಯದು.) ಆ ಆಟದಲ್ಲಿ ಒಂದು ಕಟ್ಟಳೆಯಿತ್ತು: ಒಬ್ಬನು ಆರಿಸಿದ ಮಲ್ಲನನ್ನು ಎದುರಾಳಿ ಆರಿಸುವಂತಿಲ್ಲ. ಆದಕಾರಣ ಸಮಾನ ಆಯುಧದ ಕಾಳಗ ಬೇಕೆಂದವರಿಗೆ ರ್ಯೂ-ಕೆನ್ ಜೋಡಿಯ ಹೊರತು ಬೇರೆ ದಾರಿಯಿರಲಿಲ್ಲ. ಕೆನ್ನನು ಆ ಆಟದಲ್ಲಿದ್ದುದು ದಂಡಕ್ಕಲ್ಲ.

ಮರುವರ್ಷ, 1992ರಲ್ಲಿ, ಪರಿಷ್ಕರಿಸಿದ ಆವೃತ್ತಿ ಬಂದಾಗ ಆ ಕಟ್ಟಳೆ ಬಿದ್ದುಹೋಯಿತು. ರ್ಯೂವಿಗೆ ಎದುರಾಗಿ ಬೇರೆ ಬಣ್ಣದ ರ್ಯೂವನ್ನೇ ನಿಲ್ಲಿಸಬಹುದಾಯಿತು. ಎಂದರೆ ಕೆನ್ನನ ಉದ್ಯೋಗಕ್ಕೆ ಸಂಚಕಾರ ಬಂದಿತು! ಅದೇ ಆವೃತ್ತಿಯಲ್ಲಿಯೇ ಅವನು ಬೇರೆಯಾಗತೊಡಗಿದುದನ್ನು ಓದುಗರು ಗಮನಿಸಬೇಕು. ಅವನ ಶೋರ್ಯುಕೆನ್ ನೆಟ್ಟಗೆ ಮೇಲೇಳದೆ ಕಮಾನಿನಂತೆ ಬಾಗಿ ಇನ್ನಷ್ಟು ದೂರ ಸಾಗಿತು. 1993ರ ಆವೃತ್ತಿಯಲ್ಲಿ ಅವನ ಮುಷ್ಟಿಗೆ ಬೆಂಕಿ ಹತ್ತಿತು. ರ್ಯೂ ದೂರ ನಿಂತು ಕಾಯುವವರ ಮಲ್ಲನಾದನು. ಕೆನ್ ಮೇಲೆ ಬೀಳುವವರ ಮಲ್ಲನಾದನು.

ಬಣ್ಣ ಬದಲಿಸುವುದು ಅಷ್ಟು ಸುಲಭವೇ ಎಂದು ಹಿರಿಯ ಮಾಣಿ ಕೇಳಿದನು. ಆ ಕಾಲದ ಯಂತ್ರಗಳಲ್ಲಿ ಮಲ್ಲನ ಒಂದೊಂದು ನಿಲುವಿಗೂ ಒಂದೊಂದು ಚಿತ್ರ ಬೇಕು. ಚಿತ್ರಗಳನ್ನಿಡುವ ಚಿಪ್ಪುಗಳೋ ಬಹು ದುಬಾರಿ. ಆದರೆ ಚಿತ್ರದಲ್ಲಿ ಬಣ್ಣವಿರುವುದಿಲ್ಲ, ಅಂಕೆಗಳಿರುತ್ತವೆ. ಯಾವ ಅಂಕೆಗೆ ಯಾವ ಬಣ್ಣವೆಂದು ಬೇರೊಂದು ಚಿಕ್ಕ ಪಟ್ಟಿ ಹೇಳುತ್ತದೆ. ಆ ಪಟ್ಟಿಯೊಂದನ್ನು ಬದಲಿಸಿದರೆ ಸಾಕು, ನೂರಾರು ಚಿತ್ರಗಳ ಅಂಗಿ ಒಮ್ಮೆಗೇ ಬದಲಾಗುತ್ತದೆ.

ಈ ಮಿತವ್ಯಯದಲ್ಲಿ ಅಮೆರಿಕದ ಮಿಡ್‌ವೇ ಸಂಸ್ಥೆಯವರದು ಎತ್ತಿದ ಕೈ. 1992ರ ‘ಮಾರ್ಟಲ್ ಕೊಂಬ್ಯಾಟ್’ ಆಟಕ್ಕಾಗಿ ಡೇನಿಯಲ್ ಪೆಸಿನಾ ಎಂಬ ನಟನಿಗೆ ಮುಸುಕಿನ ವೇಷ ಹಾಕಿಸಿ ಚಿತ್ರ ತೆಗೆದರು. ಹಳದಿ ಬಳಿದರೆ ಅವನು ಹಗ್ಗದ ಈಟಿಯೆಸೆಯುವ ಸ್ಕಾರ್ಪಿಯನ್. ನೀಲಿ ಬಳಿದರೆ ಎದುರಾಳಿಯನ್ನು ಹಿಮಗಟ್ಟಿಸುವ ಸಬ್‌ಜೀರೋ. ಹಸಿರು ಬಳಿದರೆ ಗುಪ್ತವಾಗಿ ಬರುವ ರೆಪ್ಟೈಲ್. ರ್ಯೂ-ಕೆನ್ನರದು ಮುಖ ಬೇರೆ, ವಿದ್ಯೆ ಒಂದೇ. ಇವರದು ಮೈ ಒಂದೇ, ವಿದ್ಯೆ ಬೇರೆ.

ಗುಮಾಸ್ತ ಮಿತ್ರರಿಗೆ ರುಚಿಸುವ ಸಂಗತಿಯೊಂದು ಇಲ್ಲಿದೆ. ಆ ಯಂತ್ರದೊಳಗೆ ಮಾಲೀಕನಿಗಾಗಿ ಒಂದು ಲೆಕ್ಕದ ಪುಟವಿರುತ್ತಿತ್ತು. ಅದರಲ್ಲಿ ‘ಎರ್ಮ್ಯಾಕ್ಸ್’ ಎಂದೊಂದು ಸಾಲು. ಕ್ರಮವಿಧಿಯಲ್ಲಿನ ದೋಷಗಳಿಗೆ ಸಂಬಂಧಿಸಿದ ಒಂದು ತಾಂತ್ರಿಕ ಸಂಕ್ಷೇಪವದು. ಹುಡುಗರು ಅದನ್ನು ಕಂಡು, ಎರ್ಮ್ಯಾಕ್ ಎಂಬ ಕೆಂಪು ಮುಸುಕಿನವನೊಬ್ಬ ಯಂತ್ರದಲ್ಲಿ ಅಡಗಿದ್ದಾನೆಂದು ಊರೆಲ್ಲ ಗುಲ್ಲೆಬ್ಬಿಸಿದರು. ಅಂಥವನು ಇರಲೇ ಇಲ್ಲ. ಆದರೆ ಗುಲ್ಲು ಅಡಗದಿರಲು, 1995ರ ಆಟದಲ್ಲಿ ಸಂಸ್ಥೆಯವರು ಅದೇ ವೇಷಕ್ಕೆ ಕೆಂಪು ಬಳಿದು ಎರ್ಮ್ಯಾಕನನ್ನು ನಿಜವಾಗಿಯೂ ಇಳಿಸಿಬಿಟ್ಟರು. ಜಮಾಖರ್ಚಿನ ಸಾಲೊಂದು ಎದ್ದು ಬಂದು ಕುಸ್ತಿಗೆ ನಿಂತಿತು!

ಎದುರು ಸಾಲಿನ ಅಂಗಡಿಯವರು ನಮ್ಮ ಬೋರ್ಡನ್ನೇ ನೋಡಿ ಬೋರ್ಡು ಬರೆಸುವುದೂ ಈ ವ್ಯಾಪಾರದಲ್ಲಿ ಉಂಟು. ಎಸ್‌ಎನ್‌ಕೆ ಸಂಸ್ಥೆಯ 1992ರ ‘ಆರ್ಟ್ ಆಫ್ ಫೈಟಿಂಗ್’ ಆಟದ ನಾಯಕರಾದ ರ್ಯೋ, ರಾಬರ್ಟ್ ಎಂಬವರು ನೋಡುವವರಿಗೆ ರ್ಯೂ-ಕೆನ್ನರ ದಾಯಾದಿಗಳಂತೆ ಕಾಣುತ್ತಿದ್ದರು. ಕ್ಯಾಪ್‌ಕಾಮಿನವರು ಕೋರ್ಟು ಮೆಟ್ಟಲೇರದೆ, 1995ರಲ್ಲಿ ಗುಲಾಬಿಯಂಗಿಯ ಡ್ಯಾನ್ ಎಂಬ ವಿದೂಷಕನನ್ನು ಸೃಷ್ಟಿಸಿದರು. ಅವನ ಮುಖವು ರಾಬರ್ಟನ ಮುಖದಂತೆ. ಅವನೆಸೆದ ಚೆಂಡು ಮೊಳದೂರ ಹೋಗಿ ಆರಿಹೋಗುತ್ತದೆ. ಉತ್ತರವೆಂದರೆ ಇದು!

ಇರಲಿ. ಕೆನ್ನನಿಗೆ ಹಿಂದಿರುಗೋಣ. 2004ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಇವೊ ಪಂದ್ಯಾವಳಿಯಲ್ಲಿ ಜಪಾನಿನ ಡೈಗೊ ಉಮೆಹಾರ ಆರಿಸಿದುದು ಕೆನ್ನನನ್ನು. ಅಮೆರಿಕದ ಜಸ್ಟಿನ್ ವಾಂಗ್ ಆರಿಸಿದುದು ಚುನ್-ಲಿ ಎಂಬ ಚೀನೀ ವೀರಾಂಗನೆಯನ್ನು. ಕೆನ್ನನ ಪ್ರಾಣ ಎಳೆಯಷ್ಟು ಉಳಿದಿತ್ತು. ಸಾಮಾನ್ಯವಾಗಿ ತಡೆದರೂ ತಡೆದ ಪೆಟ್ಟಿನಿಂದಲೇ ಸಾಯುವ ಸ್ಥಿತಿ. ಚುನ್-ಲಿ ತನ್ನ ಮಹಾಸ್ತ್ರವನ್ನು ಪ್ರಯೋಗಿಸಿ ಒದೆತದ ಮೇಲೆ ಒದೆತ ಸುರಿಸಿದಳು. ಉಮೆಹಾರ ಹಿಂದೆ ಸರಿಯದೆ, ಪ್ರತಿ ಒದೆತ ತಾಗುವ ಕ್ಷಣಕ್ಕೆ ಸರಿಯಾಗಿ ಹಿಡಿಕೆಯನ್ನು ಎದುರಾಳಿಯ ಕಡೆಗೇ ದೂಡಿ, ಹದಿನೈದನ್ನೂ ಕೈಯಿಂದ ಕೊಡವಿಹಾಕಿ, ತಿರುಗಿ ಹೊಡೆದು ಗೆದ್ದನು. ಸಭೆಯಲ್ಲಿದ್ದವರು ಎದ್ದು ಕೂಗಿದ ಆ ದೃಶ್ಯವನ್ನು ಲೋಕ ಇಂದಿಗೂ ನೋಡುತ್ತಿದೆ. ಅದೇ ಉಮೆಹಾರ 2009ರಲ್ಲಿ ಅದೇ ಪಂದ್ಯಾವಳಿಯನ್ನು ಗೆದ್ದುದು ರ್ಯೂವಿನಿಂದ. ಎರಡೂ ಒಂದೇ ಆಗಿದ್ದರೆ ಅಂಥವನು ಆರಿಸಲು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಇಷ್ಟಾದರೂ 2018ರಲ್ಲಿ ನಿಂಟೆಂಡೊ ಸಂಸ್ಥೆಯವರು ತಮ್ಮ ‘ಸ್ಮ್ಯಾಶ್ ಬ್ರದರ್ಸ್’ ಆಟಕ್ಕೆ ಇವರಿಬ್ಬರನ್ನೂ ಕರೆಸಿದಾಗ ರ್ಯೂವಿಗೆ 60ನೆಯ ಅಂಕೆ ಕೊಟ್ಟು, ಕೆನ್ನನಿಗೆ ಅದೇ 60ರ ಮುಂದೆ ಎಪ್ಸಿಲಾನ್ ಎಂಬ ಗ್ರೀಕ್ ಅಕ್ಷರ ಬರೆದು, ‘ಪ್ರತಿಧ್ವನಿ ಮಲ್ಲ’ರ ಸಾಲಿಗೆ ಸೇರಿಸಿದರು. ಮೂವತ್ತೊಂದು ವರ್ಷ ದುಡಿದವನಿಗೆ ಸ್ವಂತ ನಂಬರಿಲ್ಲ! ಅಂದಿನ ನಮ್ಮ ತೀರ್ಪು ಇಷ್ಟೆ: ಒಬ್ಬನಿಗೇ ಬಣ್ಣ ಬಳಿದು ಹೊಸಬನೆಂದು ಬೇರೆ ಹಣ ಕೇಳಿದರೆ ಮೋಸ, ಕೆನ್ನನ ವಿಷಯದಲ್ಲಿ ಮೋಸವೇನಾದರೂ ಆಗಿದ್ದರೆ ಅದು ಕೆನ್ನನಿಗೇ.

ಹಿರಿಯ ಮಾಣಿ ನಕ್ಕನು. ಕಿರಿಯವನು ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತಿದ್ದು, "ಹಾಗಾದ್ರೆ ಕೆಂಪಂಗಿಯವನನ್ನು ನನಗೆ ಕೊಡು ಮಾರಾಯ" ಎಂದು ಮೊಬೈಲಿಗೆ ಕೈ ಚಾಚಿದನು. ಬೆಳಗಿನ ಐದು ಗಂಟೆಗೆ ಇಬ್ಬರೂ ಒಲೆಯ ಮುಂದಿರಬೇಕೆಂದು ನೆನಪಿಸಿ ನಾವು ಕೆಳಗಿಳಿದೆವು.