ಬೆರೈಟ್ ಹರಳುಗಳ ಸಂಗ್ರಹ

ತುಮಕೂರಿನಿಂದ ಶಿರಾ ಕಡೆಗೆ ಸಾಗುವ ಹೆದ್ದಾರಿಯ ಬಳಿಯ ವಸಂತನರಸಾಪುರ ಇಂದು ಕೈಗಾರಿಕಾ ಪ್ರದೇಶವೆಂದು ಹೆಸರಾಗಿದೆ. ಈ ಸೀಮೆಯ ಹೊಲಗಳಲ್ಲಿ ಬಿಳಿಯ ಬೆಣಚುಕಲ್ಲು ಕಾಣುವುದು ಸಾಮಾನ್ಯ. ಮಕ್ಕಳು ಅಂತಹ ಎರಡು ಕಲ್ಲುಗಳನ್ನು ಕತ್ತಲಲ್ಲಿ ಉಜ್ಜಿ, ಹೊಮ್ಮುವ ಮಿಣುಕನ್ನು ನೋಡಿ ನಲಿಯುವುದುಂಟು. ಅಷ್ಟೇ ಬಿಳುಪಿನ, ಅಷ್ಟೇ ಗಾತ್ರದ ಬೆರೈಟ್ ತುಂಡೊಂದನ್ನು ಇನ್ನೊಂದು ಅಂಗೈಯಲ್ಲಿಟ್ಟರೆ ಆ ಕೈ ತಟ್ಟನೆ ತಗ್ಗುವುದು. ಬೆಣಚುಕಲ್ಲು ನೀರಿಗಿಂತ ಸುಮಾರು 2.65 ಪಟ್ಟು ಭಾರವಾದರೆ ಬೆರೈಟ್ 4.5 ಪಟ್ಟು ಭಾರ. ಗ್ರೀಕ್ ಭಾಷೆಯ ‘ಬಾರುಸ್’ ಎಂದರೆ ಭಾರವಾದದ್ದು. ಖನಿಜದ ಹೆಸರು ಅದರಿಂದ ಬಂದಿದೆ. ಆ ಶಬ್ದಕ್ಕೆ ಹತ್ತಿರದ ನಂಟು ಸಂಸ್ಕೃತದ ‘ಗುರು’ ಶಬ್ದವೇ ಹೊರತು, ಕಿವಿಗೆ ತೋರುವಂತೆ ‘ಭಾರ’ವಲ್ಲ.

ಬೆರೈಟ್ ಎಂಬುದು ಬೇರಿಯಂ ಸಲ್ಫೇಟ್. ಪ್ರಯೋಗಾಲಯದಲ್ಲಿ ಬೇರಿಯಂ ಕ್ಲೋರೈಡ್ ದ್ರಾವಣಕ್ಕೆ ಸೋಡಿಯಂ ಸಲ್ಫೇಟ್ ದ್ರಾವಣವನ್ನು ಸುರಿದೊಡನೆ ಪ್ರನಾಳದ ತಳಕ್ಕಿಳಿಯುವ ಬಿಳಿಯ ಹುಡಿಯೂ ಇದೇ ವಸ್ತು. ಇದು ನೀರಿನಲ್ಲಿ ಕರಗುವುದು ತೀರ ಅಲ್ಪ. ಆದುದರಿಂದ ಎರಡು ದ್ರಾವಣಗಳು ರಭಸದಿಂದ ಕೂಡಿದಲ್ಲಿ ಕಣಗಳಿಗೆ ಸಾಲುಗೂಡಿ ಬೆಳೆಯಲು ಅವಕಾಶವೇ ದೊರೆಯದು. ಭೂಗರ್ಭದಲ್ಲಿ ಕೆಲವೆಡೆ ಹಾಗಾಗುವುದಿಲ್ಲ. ಬೇರಿಯಂ ಹೊತ್ತ ಬಿಸಿನೀರು ಶಿಲೆಯ ಬಿರುಕುಗಳಲ್ಲಿ ಮೆಲ್ಲನೆ ಏರಿ, ಸಲ್ಫೇಟ್ ಬೆರೆತ ನೀರನ್ನು ಎಳೆಎಳೆಯಾಗಿ ಸಂಧಿಸುತ್ತದೆ. ಅಲ್ಲಿ ಖಾಲಿ ಪೊಟರೆಯೊಂದಿದ್ದರೆ ಅದರ ಗೋಡೆಗೆ ಅಂಟಿದ ಸಣ್ಣ ಹರಳು ಪದರ ಪದರವಾಗಿ ಬೆಳೆದು, ನುಣುಪಾದ ಮುಖಗಳನ್ನೂ ಉಳಿಯ ಬಾಯಂತಹ ಅಂಚುಗಳನ್ನೂ ಪಡೆಯುತ್ತದೆ. ಗಾಜಿನಂತೆ ತಿಳಿಯಾದ ಹರಳು ದೊರೆಯಬೇಕಾದರೆ ಹೀಗೆ ಬಿಡುವೂ ಬೇಕು, ಎಡೆಯೂ ಬೇಕು. ಇಂಗ್ಲೆಂಡಿನ ಕಂಬ್ರಿಯಾ ಪ್ರಾಂತದ ಕಬ್ಬಿಣದ ಗಣಿಗಳಲ್ಲಿ ದೊರೆತ ನೀಲಿ ಮತ್ತು ಹೊಂಬಣ್ಣದ ಹರಳುಗಳೂ, ಅಮೆರಿಕದ ದಕ್ಷಿಣ ಡಕೋಟಾದ ಎಲ್ಕ್ ಕ್ರೀಕ್ ಬಳಿ ಮಣ್ಣುಗಲ್ಲಿನ ಉಂಡೆಗಳ ಒಳಬಿರುಕುಗಳಲ್ಲಿ ಬೆಳೆದ ಜೇನುಬಣ್ಣದ ಹರಳುಗಳೂ ಸಂಗ್ರಾಹಕರಲ್ಲಿ ಪ್ರಸಿದ್ಧವಾಗಿವೆ.

ಕನ್ನಡ ನಾಡಿನಲ್ಲಿ ಬೆರೈಟ್ ಇಲ್ಲವೆ? ಇದೆ. ವಸಂತನರಸಾಪುರದ ಬಳಿ ಹಾಯುವ ಹೆದ್ದಾರಿಯೇ ಮುಂದೆ ಚಿತ್ರದುರ್ಗವನ್ನು ಮುಟ್ಟುತ್ತದೆ. ಆ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಬಳಿ ಬೆರೈಟ್ ತೆಳುವಾದ ಪದರಗಳಾಗಿ ಹರಡಿದೆ. ಆದರೆ ಕನ್ನಡಿಯಂತಹ ಹರಳನ್ನು ಅರಸಿ ಅಲ್ಲಿಗೆ ಹೋದವನು ನಿರಾಶನಾಗುವನು. 300 ಕೋಟಿ ವರ್ಷಗಳಿಗೂ ಹಿಂದೆ ಕಡಲತಳದಲ್ಲಿ ಸೇರಿದ ಆ ಪದರಗಳು ನೆಲದಾಳದ ಒತ್ತಡಕ್ಕೂ ಕಾವಿಗೂ ಸಿಕ್ಕಿ, ಮಡಿಸಿ, ಕಣಕಣವಾದ ಶಿಲೆಯಾಗಿವೆ. ಆಂಧ್ರಪ್ರದೇಶದ ಕಡಪ ಸೀಮೆಯ ಮಂಗಂಪೇಟೆಯ ನಿಕ್ಷೇಪ ಜಗತ್ತಿನ ಅತಿ ದೊಡ್ಡ ಬೆರೈಟ್ ನಿಕ್ಷೇಪಗಳಲ್ಲಿ ಒಂದು. ಅಲ್ಲಿಯೂ ರಾಶಿ ರಾಶಿಯಾಗಿ ದೊರೆಯುವುದು ಬೂದುಬಣ್ಣದ ಕಲ್ಲೇ. ಹಾಗೆಂದು ಘಟ್ಟಿಹೊಸಹಳ್ಳಿಯ ತುಂಡನ್ನು ಕಡೆಗಣಿಸುವುದು ಸಲ್ಲದು. ಗಾಳಿಯಲ್ಲಿ ಆಮ್ಲಜನಕ ತೀರ ವಿರಳವಾಗಿದ್ದ ಆ ಕಾಲದಲ್ಲಿ ಕಡಲಿಗೆ ಸಲ್ಫೇಟ್ ಎಲ್ಲಿಂದ ಬಂದಿತು ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಇಂತಹ ಕಲ್ಲುಗಳನ್ನೇ ಮುಂದಿಟ್ಟುಕೊಂಡು ವಿಚಾರಿಸುತ್ತಾರೆ. ಅಂದದ ಹರಳಿಗೆ ಆ ಸಾಕ್ಷ್ಯವನ್ನು ನುಡಿಯುವ ಶಕ್ತಿಯಿಲ್ಲ.

ಅಗೆದು ತೆಗೆದ ಬೆರೈಟಿನ ಬಹುಪಾಲು ಹುಡಿಯಾಗುತ್ತದೆ. ತೈಲಬಾವಿಗಳನ್ನು ಕೊರೆಯುವಾಗ ಒಳಗಿನ ಅನಿಲವೂ ತೈಲವೂ ಮೇಲಕ್ಕೆ ಚಿಮ್ಮದಂತೆ ತಡೆಯಲು ಈ ಭಾರದ ಹುಡಿಯನ್ನು ಕೆಸರಿನೊಡನೆ ಬೆರೆಸಿ ಬಾವಿಗೆ ತುಂಬುವರು. ಗಣಿಯಲ್ಲಿ ಸಿಡಿಮದ್ದು ಹಾರಿದ ಕ್ಷಣದಲ್ಲಿ ಒಂದು ಪೊಟರೆಯ ಹರಳುಗಳೆಲ್ಲ ಚೂರಾಗಬಹುದು. ಉಳಿದದ್ದನ್ನು ಕಾರ್ಮಿಕನೊಬ್ಬ ಎತ್ತಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಎತ್ತಿಟ್ಟ ಬಳಿಕವೂ ಅಪಾಯ ತಪ್ಪದು. ಬೆರೈಟ್ ತೂಕದಲ್ಲಿ ಬಲಶಾಲಿ, ಗಡಸುತನದಲ್ಲಿ ಬಡವ. ಬೆಣಚುಕಲ್ಲು ಗಾಜನ್ನು ಗೀರಿದರೆ ಬೆರೈಟನ್ನು ಚಾಕುವಿನ ಮೊನೆಯೇ ಗೀರುತ್ತದೆ. ಸಣ್ಣ ಪೆಟ್ಟಿಗೂ ಅದು ಪದರಗುಂಟ ಸೀಳುತ್ತದೆ. ಹಾಗಾಗಿ ಅನುಭವಿಯು ಹರಳನ್ನು ಹಿಡಿದು ಕೀಳದೆ, ಅದು ಕುಳಿತ ಕಲ್ಲನ್ನೇ ಸುತ್ತಲೂ ಬಿಡಿಸಿ, ಮೆತ್ತನೆಯ ಕಾಗದದಲ್ಲಿ ಸುತ್ತಿ ತರುವನು. ಬಿಸಿನೀರಿನಲ್ಲಿ ತೊಳೆಯುವುದೂ ತಪ್ಪು. ಹಠಾತ್ತನೆ ತಗಲಿದ ಕಾವಿಗೆ ಹರಳು ಒಡೆಯಬಹುದು. ಗಣಿಯೊಳಕ್ಕೆ ಒಡೆಯರ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆಯ್ಕೆಯಲ್ಲಿ ಗಾತ್ರಕ್ಕೆ ಮಾರುಹೋಗುವುದು ಹೊಸಬರ ಸ್ವಭಾವ. ಅಂಚು ಮುಕ್ಕಾಗದ, ತುದಿ ಪೂರ್ಣವಾದ, ಒಂದು ಅಂಗುಲದ ಪೆಟ್ಟಿಗೆಯಲ್ಲಿ ಅಡಗುವ ಹರಳು ಮುರಿದ ಹಿಡಿಗಾತ್ರದ ಹರಳಿಗಿಂತ ಮಿಗಿಲು. ಮುರಿದುದನ್ನು ಅಂಟಿಸಿದ್ದರೆ ಅದನ್ನು ಮರೆಮಾಚಬಾರದು. ಇವೆಲ್ಲಕ್ಕಿಂತ ಮುಖ್ಯವಾದುದು ಹೆಸರುಚೀಟಿ. ಯಾವ ಊರಿನ ಯಾವ ಗಣಿ, ಯಾವ ಶಿಲೆಯ ನಡುವೆ, ಎಂದು ದೊರೆಯಿತು ಎಂಬುದನ್ನು ಬರೆದಿಡದಿದ್ದರೆ ಅತ್ಯಂತ ತಿಳಿಯಾದ ಹರಳೂ ಬರಿಯ ಅಲಂಕಾರದ ವಸ್ತು. ಘಟ್ಟಿಹೊಸಹಳ್ಳಿಯ ಬೂದು ತುಂಡಂತೂ ರಸ್ತೆಬದಿಯ ಜಲ್ಲಿಯೊಡನೆ ಬೆರೆತುಹೋಗುವುದು. ಚೀಟಿ ಕಳೆಯುವ ವಸ್ತು. ಅದಕ್ಕೆಂದೇ ಸಂಗ್ರಾಹಕರು ಕಲ್ಲಿನ ಹಿಂಬದಿಯಲ್ಲಿ, ಹರಳಿಗೆ ತಾಗದಂತೆ, ಬಿಳಿಯ ಬಣ್ಣದ ಬೊಟ್ಟೊಂದನ್ನಿಟ್ಟು, ಒಣಗಿದ ಮೇಲೆ ಕಪ್ಪು ಮಸಿಯಿಂದ ಸಂಖ್ಯೆಯನ್ನು ಬರೆಯುತ್ತಾರೆ. ಅದೇ ಸಂಖ್ಯೆಯೆದುರು ಎಲ್ಲ ವಿವರವೂ ದಪ್ಪ ರಟ್ಟಿನ ಪುಸ್ತಕವೊಂದರಲ್ಲಿ ದಾಖಲಾಗಿರುತ್ತದೆ.